ಓದುಗರ ಪ್ರಶ್ನೆ, ಬಲ್ಲವರ ಉತ್ತರ: ಥರ್ಮಲ್ ಬೂದಿಯಿಂದ ತಗ್ಗು ತುಂಬುವುದು

ಶಕ್ತಿನಗರ, ಯರಮರಸ್, ಕುಡಿತಿನಿ, ಕೂಡಗಿ. ಕಲ್ಲಿದ್ದಲು ಸುಟ್ಟು ವಿದ್ಯುತ್ ಮಾಡುವ ಥರ್ಮಲ್ ಸ್ಥಾವರಗಳಿರುವ ಈ ಊರುಗಳ ಸುತ್ತ ಮಣ್ಣು ಸಿಗುವುದು ಕಷ್ಟ, ಬೂದಿ ಮಾತ್ರ ಗುಡ್ಡ ಬಿದ್ದಿದೆ. ಹೊಲದ ಮೇಲ್ಮಣ್ಣು ಕಿತ್ತು ರಸ್ತೆಗೆ ಸುರಿಯುವ ಬದಲು ಬೂದಿ ಬಳಸಬಾರದೇ ಎಂದು ಕೇಳಿ ಬಂದ ಪತ್ರಗಳಲ್ಲಿ ಕೆಲವನ್ನು ಆರಿಸಿ ಇಲ್ಲಿ ಉತ್ತರಿಸಿದ್ದೇವೆ.

ಪ್ರ: ನಮ್ಮ ಕಡೆಯ ಥರ್ಮಲ್‌ನಿಂದ ಬಲ್ಕರ್‌ಗಳಲ್ಲಿ (ಮುಚ್ಚಿದ ಟ್ಯಾಂಕಿನ ಲಾರಿಗಳಲ್ಲಿ) ಒಣ ಬೂದಿ ಹೋಗುತ್ತದೆ, ಟಿಪ್ಪರ್‌ಗಳಲ್ಲಿ ಹಸಿ ಬೂದಿ ಹೋಗುತ್ತದೆ. ತಗ್ಗು ತುಂಬಲು ಯಾವುದು ಒಳ್ಳೆಯದು? ಬೂದಿ ತಾನಾಗಿಯೇ ಸಿಮೆಂಟಿನ ಹಾಗೆ ಗಟ್ಟಿಯಾಗುತ್ತದೆ ಎನ್ನುತ್ತಾರಲ್ಲ?
– ದೇವಸೂಗೂರಿನ ಓದುಗರು

ಉ: ಹಸಿ ಬೂದಿಯನ್ನೇ ತನ್ನಿ. ಪುಡಿ ಮಾಡಿದ ಕಲ್ಲಿದ್ದಲು ಬಾಯ್ಲರಿನಲ್ಲಿ ಉರಿದಾಗ ಬೂದಿಯ ಐದರಲ್ಲಿ ಸುಮಾರು ನಾಲ್ಕು ಪಾಲು ಹೊಗೆಯೊಂದಿಗೆ ಮೇಲೇಳುತ್ತದೆ. ಅದನ್ನು ಇಎಸ್‌ಪಿ ಎಂಬ, ವಿದ್ಯುತ್ತಿನಿಂದ ಧೂಳು ಸೆಳೆಯುವ ಯಂತ್ರ ಹಿಡಿದು ಸೈಲೋಗೆ, ಅಂದರೆ ದೊಡ್ಡ ಕಣಜಕ್ಕೆ, ಇಳಿಸುತ್ತದೆ. ಬಲ್ಕರ್‌ನಲ್ಲಿ ಹೋಗುವ ಹಾರುಬೂದಿ ಇದೇ. ಸಿಮೆಂಟ್ ಕಾರ್ಖಾನೆಗಳೂ ಇಟ್ಟಿಗೆ ಮಾಡುವವರೂ ಇದಕ್ಕೆ ಕಾದಿರುತ್ತಾರೆ. ಇಷ್ಟು ಬೆಲೆಯಿರುವ ಸರಕನ್ನು ತಗ್ಗು ತುಂಬಲು ಸುರಿಯುವುದು ದಂಡ. ಉಳಿದ ದಪ್ಪ ಬೂದಿ ಬಾಯ್ಲರ್ ತಳಕ್ಕೆ ಬೀಳುತ್ತದೆ. ಆ ದಪ್ಪ ಬೂದಿಯನ್ನೂ ಮಾರಾಟವಾಗದೆ ಉಳಿದ ಹಾರುಬೂದಿಯನ್ನೂ ನೀರಿನಲ್ಲಿ ಕದಡಿ ಪೈಪಿನ ಮೂಲಕ ಬೂದಿ ಹೊಂಡಕ್ಕೆ ಬಿಡುತ್ತಾರೆ. ತುಂಬುವ ಕೆಲಸಕ್ಕೆ ಬೇಕಾದ್ದು ಈ ಹೊಂಡದ ಬೂದಿ.

ಹೊಂಡದ ಬೂದಿಯೂ ಎಲ್ಲ ಕಡೆ ಒಂದೇ ತರಹ ಇರುವುದಿಲ್ಲ. ಪೈಪಿನ ಬಾಯಿಯ ಹತ್ತಿರ ಮರಳಿನಂಥ ದಪ್ಪ ಕಣ ಮೊದಲು ಕೂರುತ್ತದೆ. ನೀರು ಹೊರಹೋಗುವ ಕಡೆ ಹಿಟ್ಟಿನಂಥ ನುಣ್ಣನೆ ಬೂದಿ ನಿಲ್ಲುತ್ತದೆ. ಪೈಪಿನ ಬಾಯಿಯ ಕಡೆಯದನ್ನು ಕೇಳಿ ತುಂಬಿಸಿಕೊಳ್ಳಿ. ಅದರಿಂದ ನೀರು ಬೇಗ ಬಸಿಯುತ್ತದೆ, ರೋಲರ್‌ಗೂ ಚೆನ್ನಾಗಿ ಬಗ್ಗುತ್ತದೆ. ನುಣ್ಣನೆಯದು ನೀರು ಹಿಡಿದಿಟ್ಟುಕೊಂಡು ರೋಲರ್ ಕೆಳಗೆ ಹಾಸಿಗೆಯ ಹಾಗೆ ತೂಗಾಡುತ್ತದೆ.

ಇನ್ನು ಸಿಮೆಂಟಿನ ಮಾತು. ಸಿಂಗರೇಣಿ, ಮಹಾನದಿ ಕಡೆಯಿಂದ ರಾಯಚೂರಿಗೆ ಬರುವಂಥ ಕಲ್ಲಿದ್ದಲಿನ ಬೂದಿಯಲ್ಲಿ ಸಿಲಿಕಾ ಮತ್ತು ಅಲ್ಯೂಮಿನಾ ಹೇರಳ, ಸುಣ್ಣದ ಅಂಶ ಬಲು ಕಡಿಮೆ. ನೀರು ಹಾಕಿದರೂ ಅದು ತಾನಾಗಿ ಕಟ್ಟಿಕೊಳ್ಳುವುದಿಲ್ಲ. ಸುಣ್ಣವನ್ನೋ ಸಿಮೆಂಟನ್ನೋ ಬೆರೆಸಬೇಕು. ತಮಿಳುನಾಡಿನ ನೈವೇಲಿಯ ಲಿಗ್ನೈಟ್ ಬೂದಿಯಲ್ಲಿ ಸುಣ್ಣ ಹೆಚ್ಚು, ಅದು ಗಟ್ಟಿಯಾಗುತ್ತದೆ. ಅಲ್ಲಿನ ಮಾತು ಇಲ್ಲಿಗೆ ಬಂದಿರಬೇಕು. ನಮ್ಮ ಬೂದಿಗೆ ಬಲ ಬರುವುದು ಅದುಮಿ ಕೂರಿಸಿದಾಗ, ಅಂಚಿನಲ್ಲಿ ಮಣ್ಣು ಬಿಗಿಹಿಡಿದಾಗ.

ಪ್ರ: 30×40 ಸೈಟು, ರಸ್ತೆಗಿಂತ 4 ಅಡಿ ತಗ್ಗು, ಕೆಳಗೆ ಎರೆಮಣ್ಣು. ಬೂದಿ ತುಂಬಿ ಮನೆ ಕಟ್ಟಬಹುದೇ? ಎಷ್ಟು ಲೋಡು ಬೇಕು? ಬೂದಿ ತುಂಬಿ ನೀರು ಕಟ್ಟಿ ಒಂದು ಮಳೆಗಾಲ ಬಿಟ್ಟರೆ ತಾನೇ ಕೂರುತ್ತದೆ ಎನ್ನುತ್ತಾರೆ ನಮ್ಮ ಮೇಸ್ತ್ರಿ.
– ರಾಯಚೂರಿನ ಓದುಗರು

ಉ: ನಿಮ್ಮ ಮೇಸ್ತ್ರಿ ಹೇಳುವುದು ಮರಳಿನ ವಿಷಯದಲ್ಲಿ ಸರಿ. ದಪ್ಪ ಮರಳಿಗೆ ನೀರು ಬಿಟ್ಟರೆ ನೀರು ಸರ್ರನೆ ಇಳಿಯುತ್ತದೆ, ಕಣಗಳು ಒಂದಕ್ಕೊಂದು ಒತ್ತಿಕೊಳ್ಳುತ್ತವೆ. ಬೂದಿಯ ಕಣ ನುಣುಪು, ದುಂಡು, ಹಗುರ. ನೀರು ನಿಲ್ಲಿಸಿದರೆ ಅದು ತೇಲಿ, ಸಡಿಲವಾಗಿಯೇ ನೆಲೆಯೂರುತ್ತದೆ. ಬೂದಿ ಹೊಂಡದಲ್ಲಿ ಆಗುವುದೇ ಇದು. ಮೇಲೆ ಒಣಗಿ ಹೊಪ್ಪಳೆ ಕಟ್ಟಿ ಗಟ್ಟಿಯಾದಂತೆ ಕಂಡರೂ ಒಳಗೆ ಕೆಸರು, ಕಾಲಿಟ್ಟವರು ಹೂತುಹೋಗುತ್ತಾರೆ. ಆದ್ದರಿಂದ ನೀರು ಕಟ್ಟಬೇಡಿ. ಹದವಾಗಿ ತೇವ ಮಾಡಿ ಪದರ ಪದರವಾಗಿ ಅದುಮಿ.

ಮನೆಯ ಪಾಯವನ್ನು ಬೂದಿಯ ಮೇಲೆ ಕೂರಿಸಲೇಬೇಡಿ. ಕಾಲಂ ಫೂಟಿಂಗ್ (ಕಂಬದ ತಳಪಾಯ) ಬೂದಿಯನ್ನೂ ಎರೆಮಣ್ಣನ್ನೂ ದಾಟಿ ಗಟ್ಟಿ ಗರಸಿನವರೆಗೆ ಹೋಗಲಿ. ಎರೆ ಆಳವಾಗಿದ್ದರೆ ಪೈಲ್ ಬೇಕೇ ಎಂದು ಎಂಜಿನಿಯರನ್ನು ಕೇಳಿ. ಬೂದಿ ಕೇವಲ ಅಂಗಳ ಮತ್ತು ನೆಲಹಾಸನ್ನು ಎತ್ತುವ ತುಂಬುವಿಕೆ. ಫೂಟಿಂಗ್, ಕಾಲಂ, ಪ್ಲಿಂತ್ ಬೀಮ್ ಮುಗಿಸಿ ಆಮೇಲೆ ತುಂಬುವುದು ಒಳ್ಳೆಯದು. ಮೊದಲೇ ತುಂಬಿ ಆಮೇಲೆ ಪಾಯ ತೋಡಿದರೆ ಬೂದಿಯ ಗೋಡೆ ನಿಲ್ಲುವುದಿಲ್ಲ, ಗುಂಡಿಯೊಳಕ್ಕೆ ಜಾರುತ್ತದೆ.

ಲೆಕ್ಕ ಹೀಗೆ. 4 ಅಡಿಯಲ್ಲಿ ತಳಕ್ಕೆ ಅರ್ಧ ಅಡಿ ದಪ್ಪ ಮರಳು ಅಥವಾ ಜೆಲ್ಲಿ, ನಡುವೆ ಎರಡೂವರೆ ಅಡಿ ಬೂದಿ, ಮೇಲೆ 1 ಅಡಿ ಗರಸು. ಬೂದಿಯ ಪಾಲು 1200×2.5, ಅಂದರೆ 3000 ಘನ ಅಡಿ. ನಮ್ಮ ಕಡೆಯ ಅಳತೆಯಲ್ಲಿ 30 ಬ್ರಾಸ್ (ಒಂದು ಬ್ರಾಸ್ ಎಂದರೆ 100 ಘನ ಅಡಿ), ಸುಮಾರು 85 ಘನ ಮೀಟರ್. ಇದು ಅದುಮಿದ ಮೇಲಿನ ಗಾತ್ರ. ಸಡಿಲವಾಗಿ ಬರುವಾಗ ಶೇ 20ರಷ್ಟು ಹೆಚ್ಚು, ಸುಮಾರು 36 ಬ್ರಾಸ್ ಬೇಕು. ಅದುಮಿದ ಬೂದಿಯ ಒಣ ತೂಕ ಘನ ಮೀಟರಿಗೆ 1.15 ಟನ್ ಎಂದು ಹಿಡಿದರೆ ಒಟ್ಟು 98 ಟನ್. ಶೇ 25 ತೇವ ಸೇರಿದರೆ 122 ಟನ್. 10 ಟನ್ ಹೊರುವ ಟಿಪ್ಪರಿನಲ್ಲಿ 12–13 ಲೋಡು. ಬೂದಿ ಶೇ 12 ತೇವದಲ್ಲಿ ಬಂದರೆ ಇನ್ನೂ ಸುಮಾರು 12,700 ಲೀಟರ್ ನೀರು ಸೇರಿಸಬೇಕು. 5,000 ಲೀಟರಿನ ಟ್ಯಾಂಕರ್ ಎರಡೂವರೆ. ಲೋಡಿನ ಲೆಕ್ಕದಲ್ಲಿ ವ್ಯಾಪಾರ ಮಾಡುವಾಗ ತೂಕ ಕೇಳಬೇಡಿ, ಗಾತ್ರ ಕೇಳಿ. ತೂಕದಲ್ಲಿ ಕೊಂಡರೆ ನೀರಿಗೂ ಸಾಗಣೆ ಹಣ ಕೊಟ್ಟಂತೆ.

ಸುತ್ತ ಸೈಜುಗಲ್ಲಿನ ಗೋಡೆ ಮೊದಲು ಏಳಲಿ. ಗೋಡೆಯಲ್ಲಿ ನೀರು ಬಸಿಯಲು ತೂತು ಬಿಡಿ. ಆದರೆ ತೂತಿನ ಹಿಂದೆ ಜಿಯೋಟೆಕ್ಸ್‌ಟೈಲ್ ಬಟ್ಟೆಯನ್ನೋ ಮರಳು-ಜೆಲ್ಲಿಯ ಸೋಸುಪದರವನ್ನೋ ಇಡದಿದ್ದರೆ ನೀರಿನ ಜೊತೆ ಬೂದಿಯೂ ಸೋರಿ, ಎರಡು ಮಳೆಗಾಲದಲ್ಲಿ ಅಂಗಳದ ಟೈಲ್ಸ್ ಕೆಳಗೆ ಪೊಳ್ಳಾಗುತ್ತದೆ. ಒಂದು ಸಲಕ್ಕೆ 6 ಅಂಗುಲ ಸಡಿಲ ಬೂದಿ ಹರಡಿ. ಪ್ಲೇಟ್ ಕಂಪ್ಯಾಕ್ಟರ್ ಅಥವಾ ಕೈಯಲ್ಲಿ ನಡೆಸುವ ಸಣ್ಣ ವೈಬ್ರೇಟರ್ ರೋಲರ್ ನಾಲ್ಕಾರು ಸಲ ಓಡಿಸಿ. ಕಾಲಂ ಮೂಲೆಗಳಲ್ಲಿ ಯಂತ್ರ ಹೋಗದ ಕಡೆ ಕೈ ದಮ್ಮಸಿನಿಂದ ಬಡಿಯಿರಿ. ಮುಂದೆ ನೆಲ ಕುಸಿಯುವುದು ಬಹುಪಾಲು ಆ ಮೂಲೆಗಳಲ್ಲೇ.

ಹದ ನೋಡುವುದು ಸುಲಭ. ಮುಷ್ಟಿಯಲ್ಲಿ ಹಿಡಿದು ಒತ್ತಿ. ಉಂಡೆ ನಿಂತು ಅಂಗೈ ತೇವವಾದರೆ ಸರಿ. ಬೆರಳ ಸಂದಿನಿಂದ ನೀರು ಇಳಿದರೆ ಹೆಚ್ಚಾಯಿತು. ಉಂಡೆಯೇ ಆಗದಿದ್ದರೆ ನೀರು ಸಾಲದು.

ನೀರಿನ ಕೊಳಾಯಿ, ಒಳಚರಂಡಿ ಪೈಪುಗಳನ್ನು ಬೂದಿಯೊಳಗೆ ನೇರ ಹಾಕಬೇಡಿ. ಪಿವಿಸಿ ಪೈಪಿನ ಸುತ್ತ ಮರಳು ತುಂಬಿ. ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಬೇಡವೇ ಬೇಡ, ತೇವದ ಬೂದಿಯಲ್ಲಿ ತುಕ್ಕು ಹಿಡಿಯುವ ಅಪಾಯವಿದೆ. ಸೋರುವ ಒಂದು ಜಾಯಿಂಟ್ ಸಾಕು, ಬೂದಿ ಕೊಚ್ಚಿಹೋಗಿ ನೆಲ ಇಳಿಯಲು.

ಪ್ರ: ಗ್ರಾಮೀಣ ರಸ್ತೆ ಕೆಲಸ. ಸೇತುವೆಯ ಎರಡೂ ಕಡೆ 4 ಮೀಟರ್ ಎತ್ತರದ ಏರಿ ಹಾಕಬೇಕು. ಬೂದಿಯಲ್ಲಿ ಮಾಡಲು ಹೇಳಿದ್ದಾರೆ. ರೋಲರ್ ಎಷ್ಟು ಹೊಡೆದರೂ ಮೇಲ್ಭಾಗ ಸಡಿಲವಾಗಿಯೇ ಇದೆ, ಟೆಸ್ಟಿನಲ್ಲಿ ಫೇಲ್ ಆಗುತ್ತಿದೆ. ಎಲ್ಲಿ ತಪ್ಪುತ್ತಿದ್ದೇವೆ?
– ಮುದ್ದೇಬಿಹಾಳದ ಓದುಗರು

ಉ: ಬಹುಶಃ ಟೆಸ್ಟ್ ಮಾಡುವ ಜಾಗದಲ್ಲೇ ತಪ್ಪು. ಬೂದಿಗೆ ಅಂಟುಗುಣವಿಲ್ಲ. ಮೇಲಿನ ಎರಡು ಮೂರು ಅಂಗುಲವನ್ನು ಮೇಲಿನಿಂದ ಒತ್ತಿಹಿಡಿಯುವುದು ಏನೂ ಇಲ್ಲದ್ದರಿಂದ ರೋಲರ್ ನಡುಗಿಸಿದಷ್ಟೂ ಅದು ಉಬ್ಬುತ್ತದೆ. ಆ ಸಡಿಲು ಮುಂದಿನ ಪದರ ಹಾಕಿ ಅದುಮಿದಾಗ ಸರಿಹೋಗುತ್ತದೆ. ಆದ್ದರಿಂದ ಮೇಲಿನ ಸಡಿಲು ಕೆರೆದು ತೆಗೆದು, ಕೆಳಗಿನ ಗಟ್ಟಿ ಭಾಗದಲ್ಲಿ ಮಾದರಿ ತೆಗೆಯಿರಿ. ಗುಂಡಿ ತೋಡಿ ಮರಳು ಸುರಿದು ಗಾತ್ರ ಅಳೆಯುವ ವಿಧಾನದಲ್ಲಿ ಬೂದಿಯ ಗುಂಡಿಯ ಅಂಚು ಕುಸಿದು ಗಾತ್ರ ತಪ್ಪು ಬರುತ್ತದೆ. ನೆಲಕ್ಕೆ ಬಡಿದು ಮಾದರಿ ತೆಗೆಯುವ ಉಕ್ಕಿನ ಕೊಳವೆ, ಕೋರ್ ಕಟರ್, ವಾಸಿ. 1000 ಸಿಸಿ ಕಟರಿನಲ್ಲಿ ಹಸಿ ತೂಕ 1380 ಗ್ರಾಂ, ತೇವ ಶೇ 22 ಎಂದುಕೊಳ್ಳಿ. 1380ನ್ನು 1.22ರಿಂದ ಭಾಗಿಸಿದರೆ ಒಣ ತೂಕ 1131 ಗ್ರಾಂ, ಸಾಂದ್ರತೆ ಸಿಸಿಗೆ 1.131 ಗ್ರಾಂ. ಲ್ಯಾಬಿನಲ್ಲಿ ಅದುಮಿ ಕಂಡುಕೊಂಡ ಗರಿಷ್ಠ ಒಣ ಸಾಂದ್ರತೆ 1.17 ಆಗಿದ್ದರೆ ನಿಮ್ಮದು ಶೇ 96.7. ಬೇಕಾದ್ದು ಶೇ 95, ಪಾಸು. ಸೈಟಿನಲ್ಲಿ ತೇವ ಅಳೆಯಲು ಬೂದಿಯನ್ನು ಬಾಣಲೆಯಲ್ಲಿ ದೊಡ್ಡ ಉರಿಯಲ್ಲಿ ಹುರಿಯಬೇಡಿ. ಅದರಲ್ಲಿ ಉಳಿದ ಇದ್ದಲಿನ ಕಣವೂ ಉರಿದು ನೀರೆಂದು ಲೆಕ್ಕಕ್ಕೆ ಬರುತ್ತದೆ.

ಮಣ್ಣಿನ ಲ್ಯಾಬ್ ವರದಿ ನೋಡಿ ಅಭ್ಯಾಸವಿದ್ದವರಿಗೆ ಬೂದಿಯ ಅಂಕಿಗಳು ತಪ್ಪೆನಿಸುತ್ತವೆ. ಗರಿಷ್ಠ ಒಣ ಸಾಂದ್ರತೆ 0.9ರಿಂದ 1.6ರವರೆಗೆ, ಹದವಾದ ತೇವ ಶೇ 18ರಿಂದ 38ರವರೆಗೆ ಇರಬಹುದು. ತಪ್ಪಲ್ಲ, ಅದರ ಸ್ವಭಾವವೇ ಹಾಗೆ. 0.9ಕ್ಕಿಂತ ಕಡಿಮೆ ಬಂದರೆ ಆ ಬೂದಿ ಬೇಡ. ಹೊಂಡದ ಜಾಗ ಬದಲಾದಾಗಲೆಲ್ಲ ಈ ಗರಿಷ್ಠ ಸಾಂದ್ರತೆ ಮತ್ತು ಹದ ತಿಳಿಸುವ ಪ್ರಾಕ್ಟರ್ ಟೆಸ್ಟ್ ಹೊಸದಾಗಿ ಮಾಡಿಸಿ. ಹಳೆಯ 1.17ನ್ನೇ ಹಿಡಿದುಕೊಂಡು ಹೊಸ ಬೂದಿಯನ್ನು ಅಳೆದರೆ ಒಳ್ಳೆಯ ಕೆಲಸ ಫೇಲ್, ಕೆಟ್ಟ ಕೆಲಸ ಪಾಸ್.

ಕೆಲಸದ ಕ್ರಮ: ರಸ್ತೆ ಏರಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಐಆರ್‌ಸಿ ಎಸ್‌ಪಿ 58 ಮಾರ್ಗಸೂಚಿ ಇದೆ, ಅದನ್ನು ತರಿಸಿ ಸೈಟಿನಲ್ಲಿ ಇಟ್ಟುಕೊಳ್ಳಿ. 8–10 ಟನ್ನಿನ ಸಾದಾ ರೋಲರ್ ಆದರೆ ಸಡಿಲ ಪದರ 200 ಮಿ.ಮೀ., ವೈಬ್ರೇಟರ್ ರೋಲರ್ ಆದರೆ 400 ಮಿ.ಮೀ. ಮೀರಬಾರದು. ಮೊದಲು ವೈಬ್ರೇಶನ್ ಇಲ್ಲದೆ ಎರಡು ಸಲ, ಆಮೇಲೆ ವೈಬ್ರೇಶನ್‌ನಲ್ಲಿ ಆರೆಂಟು ಸಲ, ಕೊನೆಗೆ ಮತ್ತೆ ಸುಮ್ಮನೆ ಒಂದು ಸಲ. ನಿಮ್ಮ ಬೂದಿಗೆ ಎಷ್ಟು ಸಲ ಬೇಕು ಎಂಬುದನ್ನು ಒಂದು ಸಣ್ಣ ತುಂಡಿನಲ್ಲಿ ಪ್ರಯೋಗ ಮಾಡಿ ನಿಗದಿ ಮಾಡಿಕೊಳ್ಳಿ. ರೋಲರ್ ಹೋದಲ್ಲಿ ನೆಲ ಮುಂದೆ ಅಲೆಯಂತೆ ಏಳುತ್ತಿದ್ದರೆ ನೀರು ಹೆಚ್ಚಾಗಿದೆ. ಇನ್ನಷ್ಟು ರೋಲರ್ ಹೊಡೆದರೆ ಇನ್ನಷ್ಟು ಕೆಡುತ್ತದೆ. ಕೆರೆದು, ಒಂದು ದಿನ ಬಿಸಿಲಿಗೆ ಬಿಡಿ.

ಏರಿಯ ಪ್ರಾಣ ಇರುವುದು ಅಂಚಿನಲ್ಲಿ. ಎರಡೂ ಬದಿಗೆ ಅಡ್ಡಲಾಗಿ ಅಳೆದು 1ರಿಂದ 3 ಮೀಟರ್ ಮಣ್ಣಿನ ಹೊದಿಕೆ ಬೇಕು, ಎತ್ತರ ಹೆಚ್ಚಿದಷ್ಟೂ ಅಗಲ ಹೆಚ್ಚು. ಈ ಹೊದಿಕೆಯನ್ನು ಬೂದಿಯ ಜೊತೆಜೊತೆಗೇ ಪದರ ಪದರವಾಗಿ ಏರಿಸಬೇಕು. ಮೊದಲು ಬೂದಿಯ ದಿಬ್ಬ ಎಬ್ಬಿಸಿ ಆಮೇಲೆ ಪಕ್ಕಕ್ಕೆ ಮಣ್ಣು ಮೆತ್ತುವವರಿದ್ದಾರೆ. ಆ ಮಣ್ಣನ್ನು ರೋಲರ್ ಮುಟ್ಟಿರುವುದಿಲ್ಲ, ಮೊದಲ ದೊಡ್ಡ ಮಳೆಗೆ ಸಿಪ್ಪೆಯ ಹಾಗೆ ಸುಲಿದು ಬೀಳುತ್ತದೆ. ಅದರ ಹಿಂದೆ ಬೂದಿಯೂ ಹೊರಡುತ್ತದೆ. ಹೊದಿಕೆಗೆ ಎರೆಮಣ್ಣು ಬೇಡ, ಬೇಸಿಗೆಯಲ್ಲಿ ಬಿರಿದು ಮಳೆನೀರಿಗೆ ದಾರಿ ಬಿಡುತ್ತದೆ. ಸ್ವಲ್ಪ ಅಂಟಿರುವ ಕೆಂಪು ಗರಸು ಮಣ್ಣು ಹುಡುಕಿ. 4 ಮೀಟರ್ ಏರಿಗೆ ನಡುವೆ ಒಂದು ಮಣ್ಣಿನ ಪದರವನ್ನೂ ಹಾಕಿ, 200ರಿಂದ 400 ಮಿ.ಮೀ. ದಪ್ಪ. ಇಳಿಜಾರು ಎರಡಕ್ಕೆ ಒಂದು, ಅಂದರೆ ಅಡ್ಡಲಾಗಿ ಎರಡು, ಎತ್ತರಕ್ಕೆ ಒಂದು. ಮೇಲಿನ ಅರ್ಧ ಮೀಟರ್ ಆಯ್ದ ಮಣ್ಣೇ ಇರಲಿ, ಅಲ್ಲಿ ಬೂದಿ ಬೇಡ.

ಸೇತುವೆ ಗೋಡೆಯ ಹಿಂದೆ ಬೂದಿ ಹಗುರವಾಗಿರುವುದು ನಿಮಗೆ ಲಾಭ. ಅದುಮಿದ ಮಣ್ಣು ಘನ ಮೀಟರಿಗೆ 1.8ರಿಂದ 2 ಟನ್ ತೂಗಿದರೆ ತೇವ ಸೇರಿದ ಬೂದಿ 1.4ರ ಆಸುಪಾಸು. ಗೋಡೆಯ ಮೇಲಿನ ಒತ್ತಡವೂ ಕಡಿಮೆ, ಕೆಳಗಿನ ಎರೆನೆಲ ಇಳಿಯುವುದೂ ಕಡಿಮೆ. ಬೂದಿ ಪುಕ್ಕಟೆ ಸಿಗುತ್ತದೆ ಎನ್ನುವುದಕ್ಕಿಂತ ಇದು ದೊಡ್ಡ ಕಾರಣ ಎಂದು ನಮ್ಮ ಎಣಿಕೆ. ದೆಹಲಿಯಲ್ಲಿ ಎರಡನೆಯ ನಿಜಾಮುದ್ದೀನ್ ಸೇತುವೆಗೆ ಯಮುನೆಯ ನೆರೆ ಬಯಲಿನಲ್ಲೇ 6ರಿಂದ 9 ಮೀಟರ್ ಎತ್ತರದ ಏರಿಯನ್ನು ಹೊಂಡದ ಬೂದಿಯಲ್ಲಿ ಕಟ್ಟಿದ್ದಾರೆ. ಅಲ್ಲಿ ಬದಿಗೆ ಮಣ್ಣಿನ ಹೊದಿಕೆ, ಅದರ ಮೇಲೆ ಕಲ್ಲಿನ ಹೊದಿಕೆ ಎರಡೂ ಇವೆ.

ಪ್ರ: ಪಕ್ಕದ ಜಮೀನಿಗೆ ಬೂದಿ ತುಂಬುತ್ತಿದ್ದಾರೆ. ನಮ್ಮ ಬೋರ್‌ವೆಲ್ 200 ಅಡಿ ದೂರದಲ್ಲಿದೆ. ನೀರು ಕೆಡುತ್ತದೆಯೇ?
– ಕುಡಿತಿನಿಯ ಓದುಗರು

ಉ: ಕೆಡಬಹುದು, ಕೆಡದೆಯೂ ಇರಬಹುದು, ಬೂದಿಗೆ ನೀರು ತಗಲುತ್ತದೆಯೇ ಎನ್ನುವುದರ ಮೇಲೆ ನಿಂತಿದೆ. ಕಲ್ಲಿದ್ದಲಿನಲ್ಲಿ ಅತ್ಯಲ್ಪವಾಗಿದ್ದ ಆರ್ಸೆನಿಕ್, ಬೋರಾನ್, ಸೆಲೆನಿಯಂ, ಕ್ರೋಮಿಯಂ ಎಲ್ಲ ಬೂದಿಯಲ್ಲಿ ಸಾಂದ್ರವಾಗಿ ಉಳಿಯುತ್ತವೆ. ಮೂರು ಟನ್ ಕಲ್ಲಿದ್ದಲು ಸುಟ್ಟು ಒಂದು ಟನ್ ಬೂದಿಯಾದರೆ ಮೂರು ಟನ್ನಿನ ಕಸ ಒಂದರಲ್ಲಿ ಬಂತು. ಹೊಂಡದಲ್ಲಿ ನೀರಿನೊಡನೆ ಇದ್ದು ಬಂದ ಬೂದಿಯಲ್ಲಿ ಸುಲಭವಾಗಿ ಕರಗುವ ಭಾಗ ಸ್ವಲ್ಪ ತೊಳೆದುಹೋಗಿರುತ್ತದೆ, ಪೂರ್ತಿ ಅಲ್ಲ.

ಬೂದಿಯ ತಳ ಮಳೆಗಾಲದ ಅಂತರ್ಜಲ ಮಟ್ಟಕ್ಕಿಂತ ಕನಿಷ್ಠ ಒಂದೂವರೆ ಮೀಟರ್ ಮೇಲಿದ್ದು, ಮೇಲೆ ಗಟ್ಟಿ ಮಣ್ಣಿನ ಹೊದಿಕೆ ಇದ್ದು, ನೀರು ಹರಿದುಹೋಗುವ ಇಳಿಜಾರಿದ್ದರೆ ಭಯ ಕಡಿಮೆ. ನುಣ್ಣನೆ ಬೂದಿ ದೀಪದ ಬತ್ತಿಯ ಹಾಗೆ ಕೆಳಗಿನ ನೀರನ್ನು ಮೇಲಕ್ಕೆಳೆಯುತ್ತದೆ. ತಳಕ್ಕೆ ದಪ್ಪ ಮರಳಿನ ಪದರ ಹಾಕಿ ಆ ಎಳೆತವನ್ನು ಕತ್ತರಿಸುವುದು ಅದಕ್ಕೇ. ಕೆರೆ ಅಂಗಳ, ಹಳ್ಳದ ಪಾತ್ರ, ಹಳೆಯ ತೆರೆದ ಬಾವಿ ಇವಕ್ಕೆ ಬೂದಿ ಸುರಿಯುವುದನ್ನು ಮಾತ್ರ ಯಾರು ಮಾಡಿದರೂ ತಡೆಯಿರಿ. ಅಮೆರಿಕದ ವರ್ಜೀನಿಯಾದ ಚೆಸಪೀಕ್‌ನಲ್ಲಿ ಸುಮಾರು 15 ಲಕ್ಷ ಟನ್ ಹಾರುಬೂದಿಯಿಂದ ದಿಬ್ಬ ಮಾಡಿ ಗಾಲ್ಫ್ ಮೈದಾನ ಕಟ್ಟಿದರು. ಸುತ್ತಲಿನ ಮನೆಗಳವರು ಬಾವಿ ನೀರಿನ ಆತಂಕದಿಂದ ನ್ಯಾಯಾಲಯದ ಮೆಟ್ಟಿಲೇರಿದರು.

ನೀವು ಈಗಲೇ ಮಾಡಬೇಕಾದ್ದು ಒಂದಿದೆ. ತುಂಬುವ ಕೆಲಸ ಮುಗಿಯುವ ಮೊದಲೇ ನಿಮ್ಮ ಬೋರ್ ನೀರನ್ನು ಲ್ಯಾಬಿನಲ್ಲಿ ಪರೀಕ್ಷಿಸಿ ವರದಿ ಇಟ್ಟುಕೊಳ್ಳಿ: ಆರ್ಸೆನಿಕ್, ಬೋರಾನ್, ಸಲ್ಫೇಟ್, ಒಟ್ಟು ಕರಗಿದ ಲವಣ, ಫ್ಲೋರೈಡ್. ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಲೀಟರಿಗೆ 0.01 ಮಿಲಿಗ್ರಾಂ ಮೀರಬಾರದು. ಕಲ್ಯಾಣ ಕರ್ನಾಟಕದ ಹಲವು ಕಡೆ ಬೂದಿಯ ಸೋಂಕಿಲ್ಲದೆಯೂ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ರಾಯಚೂರು, ಯಾದಗಿರಿಯ ಚಿನ್ನದ ಅದಿರಿನ ಪಟ್ಟಿಯಲ್ಲಿ ಬಂಡೆಯಿಂದಲೇ ಆರ್ಸೆನಿಕ್ ಬರುತ್ತದೆ. ಮೊದಲಿನ ವರದಿ ಇಲ್ಲದಿದ್ದರೆ ನಾಳೆ ಯಾವುದು ಬಂಡೆಯದು, ಯಾವುದು ಬೂದಿಯದು ಎಂದು ಹೇಳಲಾಗದು. ಬೂದಿಯಿಂದ ನೀರು ಇಳಿಯುತ್ತಿದ್ದರೆ ಬೋರಾನ್ ಮತ್ತು ಸಲ್ಫೇಟ್ ಸಾಮಾನ್ಯವಾಗಿ ಮೊದಲು ಏರುತ್ತವೆ, ಆರು ತಿಂಗಳಿಗೊಮ್ಮೆ ಅವೆರಡನ್ನಾದರೂ ನೋಡಿ.

ಪ್ರ: ನಮ್ಮ ಬೈಲುಗದ್ದೆ ತುಂಬಲು ಇಲ್ಲೇ ಹತ್ತಿರದ ಸ್ಥಾವರದ ಬೂದಿ ಆಗಬಹುದಾ?
– ಪಡುಬಿದ್ರಿಯ ಓದುಗರು

ಉ: ಬೇಡ. ಬೈಲಿನಲ್ಲಿ ಮಳೆಗಾಲದ ನೀರು ನೆಲದ ಮಟ್ಟಕ್ಕೇ ಬರುತ್ತದೆ, ಮನೆಮನೆಗೂ ತೆರೆದ ಬಾವಿ. ಮೇಲಿನ ಉತ್ತರದಲ್ಲಿ ಹೇಳಿದ ಒಂದೂವರೆ ಮೀಟರ್ ಅಂತರ ನಿಮ್ಮಲ್ಲಿ ಸಿಗುವುದೇ ಇಲ್ಲ. ನೀರು ಕುಡಿದ ಸಡಿಲ ಬೂದಿ ಕೆಸರಾಗಿ ಹರಿಯುವ ಅಪಾಯ ಬೇರೆ. ನಿಮಗೆ ಮುರಕಲ್ಲಿನ ಮಣ್ಣೇ ಸರಿ. ಅದೂ ತೋಡಿನ (ನೀರು ಹರಿಯುವ ಸಣ್ಣ ಹಳ್ಳದ) ದಾರಿ ಮುಚ್ಚದೆ, ಭೂ ಪರಿವರ್ತನೆ ಆದ ಮೇಲೆ.

ಪ್ರ: ಬೂದಿಯನ್ನು ಸ್ಥಾವರದವರೇ ತಮ್ಮ ಖರ್ಚಿನಲ್ಲಿ ತಂದು ಹಾಕಬೇಕು ಎಂಬ ಕಾನೂನು ಇದೆಯಂತೆ?
– ಕೊಲ್ಹಾರದ ಓದುಗರು

ಉ: ಕೇಂದ್ರ ಪರಿಸರ ಸಚಿವಾಲಯದ 2021ರ ಡಿಸೆಂಬರ್ 31ರ ಅಧಿಸೂಚನೆ ಅದು. ಸ್ಥಾವರದಿಂದ 300 ಕಿ.ಮೀ. ಒಳಗೆ ರಸ್ತೆ, ಮೇಲ್ಸೇತುವೆಯ ಏರಿ, ಅಣೆಕಟ್ಟಿನಂಥ ಕೆಲಸ ಮಾಡುವ ಸಂಸ್ಥೆಗಳು ಬೂದಿ ಬಳಸಲೇಬೇಕು. ಬೂದಿ ಪುಕ್ಕಟೆಯಾಗಿ, ಸಾಗಣೆ ಸ್ಥಾವರದ ಖರ್ಚಿನಲ್ಲಿ ಕೆಲಸದ ಜಾಗಕ್ಕೆ ಬರಬೇಕು. ಆದರೆ ಸ್ಥಾವರ ತನ್ನ ಬೂದಿಯನ್ನು ಬೇರೆ ದಾರಿಯಲ್ಲಿ ವಿಲೇವಾರಿ ಮಾಡಲು ಶಕ್ತವಾಗಿದ್ದರೆ ಪರಸ್ಪರ ಒಪ್ಪಿದ ದರ ಕೇಳಬಹುದು ಎಂಬ ಸಾಲೂ ಅದರಲ್ಲಿದೆ. ಒಂದು ಸೈಟು ತುಂಬುವ ಮನೆಯವರು ಇದನ್ನು ಹಿಡಿದು ವಾದ ಮಾಡಲು ಹೋಗದೆ, ಸ್ಥಾವರದ ಬೂದಿ ವಿಭಾಗಕ್ಕೆ ಅರ್ಜಿ ಕೊಟ್ಟು ದರ, ಲೋಡಿಂಗ್ ಪಾಸ್ ವಿಚಾರಿಸುವುದು ಒಳ್ಳೆಯದು. ಪಾಸ್ ಇಲ್ಲದ ಟಿಪ್ಪರಿನವರು ಎಲ್ಲಿಂದ ತಂದದ್ದೆಂದು ಹೇಳಲಾಗದ ಬೂದಿಯನ್ನು ಇಳಿಸಬೇಡಿ.

ಪ್ರ: ಬೂದಿ ತುಂಬಿದ ಮೇಲೆ ಧೂಳು ತಡೆಯುವುದು ಹೇಗೆ? ಅಲ್ಲಿ ಗಿಡ ಬೆಳೆಯುತ್ತವೆಯೇ?
– ಶಕ್ತಿನಗರದ ಓದುಗರು

ಉ: ಟಿಪ್ಪರಿಗೆ ಟಾರ್ಪಾಲ್ ಬಿಗಿಯಾಗಿ ಕಟ್ಟಿರಬೇಕು, ಬೂದಿ ಹೊಂಡದಿಂದ ಹೊರಡುವಾಗಲೇ ಶೇ 15–20 ತೇವ ಇರಬೇಕು. ನಿಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಹರಡಿದ ಬೂದಿಯ ಮೇಲ್ಮೈ ಗಂಟೆಯೊಳಗೆ ಒಣಗಿ ಹಾರತೊಡಗುತ್ತದೆ. ಸಂಜೆ ಕೆಲಸ ನಿಲ್ಲಿಸುವ ಮೊದಲು ನೀರು ಚಿಮುಕಿಸಿ; ಎರಡು ದಿನ ಬಿಡುವುದಾದರೆ ತೆಳ್ಳಗೆ ಮಣ್ಣು ಎಳೆಯಿರಿ. ಈ ಧೂಳಿನಲ್ಲಿ ಸಿಲಿಕಾ ಇದೆ. ಕೆಲಸದವರಿಗೆ ಬರಿಯ ಟವೆಲ್ ಸಾಲದು, ಎನ್95 ಮಾಸ್ಕ್ ಕೊಡಿ.

ಗಿಡಕ್ಕೆ ಬೂದಿಯ ಮೇಲೆ ಒಂದೂವರೆ ಅಡಿ ಮಣ್ಣು ಬೇಕು. ಹುಲ್ಲು, ಹೊಂಗೆ ಚೆನ್ನಾಗಿ ಬರುತ್ತವೆ. ತಿನ್ನುವ ಸೊಪ್ಪು, ಗಡ್ಡೆ ಹಾಕಬೇಡಿ. ಏರಿಯ ಇಳಿಜಾರಿನಲ್ಲಾದರೆ ಹುಲ್ಲು ಮಾತ್ರ ಸಾಕು. ಅಲ್ಲಿ ಮರ ಬೆಳೆದು ಗಾಳಿಗೆ ಬುಡಮೇಲಾದರೆ ಹೊದಿಕೆಯ ಮಣ್ಣನ್ನೂ ಕಿತ್ತುಕೊಂಡು ಬೀಳುತ್ತದೆ.